ಹದಿನೈದು ಹೆಜ್ಜೆ ದೂರದಿಂದ ಕಂಡ ಸಿಡುಬು

ಚಿತ್ತವಾಡ್ಗಿ, ಶನಿವಾರ

ಸೈಕಲ್ಲಿನಿಂದ ಇಳಿಯದೆಯೇ ರೋಗ ಕಂಡುಹಿಡಿಯುವ ಮಾನ್ಯ ಹೆಲ್ತ್ ಇನ್ಸ್‌ಪೆಕ್ಟರ್ ಸಾಹೇಬರೇ,

ನನ್ನ ಅಣ್ಣನ ಮಗಳು ಪಂಪಮ್ಮನಿಗೆ ಸಿಡುಬು ಆಗಿಲ್ಲ. ಆಗಿದೆ ಎಂದು ಗುರುವಾರ ನಮ್ಮ ಬಾಗಿಲಿಗೆ ಚೀಟಿ ಹಚ್ಚಿಸಿದವರು ನೀವು. ಸೋಮವಾರ ಬೆಳಿಗ್ಗೆ ಬಂಡಿ ಬಂದು ಆರು ವರ್ಷದ ಆ ಹುಡುಗಿಯನ್ನು ಊರಾಚೆಯ ಶೆಡ್ಡಿಗೆ ಒಯ್ಯಬೇಕೆಂದು ಆಜ್ಞೆ ಮಾಡಿದವರೂ ನೀವೇ. ಆ ಶೆಡ್ಡಿನಲ್ಲಿ ನಿಜವಾದ ಸಿಡುಬಿನವರು ಮೂವರಿದ್ದಾರೆ. ಇಲ್ಲದ ರೋಗವನ್ನು ಅವಳು ಅಲ್ಲಿ ಅಂಟಿಸಿಕೊಳ್ಳಲಿ, ಹಾಗಾದರೂ ತಮ್ಮ ಮಾತು ನಿಜವಾಗಲಿ ಎಂಬುದು ತಮ್ಮ ಉದ್ದೇಶವೇ?

ಅಂದು ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಗಂಡಸರ ಎದುರು ನನಗೆ ಬಾಯಿ ಏಳುವುದಿಲ್ಲ. ಅಣ್ಣ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿದ್ದಾನೆ. ನಾಲ್ಕನೇ ತರಗತಿಯವರೆಗೆ ಓದಿದವಳು ಮನೆಯಲ್ಲಿ ನಾನೊಬ್ಬಳೇ, ಅದಕ್ಕೇ ಈ ಪತ್ರ. ನೀವು ಒಂದು ಕಾಲನ್ನು ಪೆಡಲಿನ ಮೇಲಿಟ್ಟು, ಮೂಗಿಗೆ ಕರವಸ್ತ್ರ ಹಿಡಿದು, ಹೊಸ್ತಿಲಲ್ಲಿ ಕೂತ ಹುಡುಗಿಯನ್ನು ನೋಡಿ, "ಸಿಡುಬು. ಸಂಶಯನ ಬ್ಯಾಡ" ಎಂದಿರಿ. ನೀವು ಹೋದ ಮೇಲೆ ಅಳೆದು ನೋಡಿದೆ, ಹದಿನೈದು ಹೆಜ್ಜೆ. ಅಷ್ಟು ದೂರದಿಂದ ನಮಗೆ ಎಮ್ಮೆ ಯಾರದೆಂದು ಹೇಳುವುದೂ ಕಷ್ಟ. ಜ್ವರ ಬಂದಿತ್ತೇ ಎಂದು ಕೇಳಿದಿರಾ? ಬಂದಿರಲಿಲ್ಲ. ಗುಳ್ಳೆ ಮೊದಲು ಎಲ್ಲಿ ಎದ್ದಿತೆಂದು ಕೇಳಿದಿರಾ? ಹೋಗಲಿ, ಹೋದ ವರ್ಷ ನಿಮ್ಮವರೇ ಸಿಡುಬು ಬಾರದಿರಲೆಂದು ಅವಳ ತೋಳಿಗೆ ಮೈಲಿ ಹಾಕಿದ ಕಲೆ ಇದೆ. ಅದನ್ನಾದರೂ ನಂಬಬಾರದಿತ್ತೇ?

ನಮ್ಮವರೂ ನಿಮಗಿಂತ ಕಡಿಮೆಯಿಲ್ಲ. ನನ್ನ ತಾಯಿ ಅಕ್ಕನಾಗಮ್ಮ "ಅಮ್ಮ ಬಂದಾಳ" ಎಂದು ಬಾಗಿಲಿಗೆ ಬೇವು ಕಟ್ಟಿ, ಮೊಮ್ಮಗಳಿಗೇ ಕೈಮುಗಿದಳು. ದೇವಿಗೆ ಮಗ್ಗಿ ಒಪ್ಪಿಸುವ ಕೆಲಸವಿಲ್ಲ ಎಂಬುದು ಪಂಪಮ್ಮನಿಗೆ ಸಂಜೆಯೊಳಗೆ ತಿಳಿಯಿತು. ಮೊಸರನ್ನ ಬೇಡಿದಳು, ಬಂತು. ಬೆಲ್ಲ ಬೇಡಿದಳು, ಬಂತು. ಪಕ್ಕದ ಮನೆಯ ಎರ್ರೆಮ್ಮ ಕಿಟಕಿಯಾಚೆ ನಿಂತು, ತಪ್ಪಿಸಿಕೊಂಡ ಎಮ್ಮೆ ಸಿಗುವುದೇ ಎಂದು ಕೇಳಿದಳು. ಮಂಡಾಳು ಬೆಲ್ಲದಲ್ಲಿ ಕಟ್ಟಿದ ಉಂಡೆ ಕೊಟ್ಟರೆ ಸಿಗುತ್ತದೆ ಎಂದಳು ದೇವಿ. ಎಮ್ಮೆ ತಾನಾಗಿ ಮನೆಗೆ ಬಂತು. ನಮ್ಮ ಕಿಟಕಿಗೆ ಉಂಡೆಗಳ ಸಾಲೇ ಬಂತು.

ನಿನ್ನೆ ಅಗಸರ ಭರಮಣ್ಣ ಬಂದ. ಅವನಿಗೆ ಓದು ಬರದ ಕಾರಣ ನಿಮ್ಮ ಚೀಟಿ ಅವನನ್ನು ತಡೆಯಲಿಲ್ಲ. ಬೇವು ಕಂಡು ಕೈಮುಗಿಯಲು ಒಳಗೇ ಬಂದ. ದೇವಿ ಕತ್ತು ಕೆರೆದುಕೊಳ್ಳುತ್ತಿದ್ದಳು. ಅವಳ ಜಡೆ ಎತ್ತಿ ನೋಡಿದವನೇ ಬಟ್ಟೆಯ ಗಂಟನ್ನು ಕೆಳಗಿಟ್ಟ.

"ಯವ್ವಾ, ಇದು ಅಮ್ಮ ಅಲ್ಲ. ನನ್ನ ಗುರ್ತು."

"ಏನು ಗುರ್ತಲೇ?" ಎಂದಳು ನನ್ನ ತಾಯಿ.

"ಕ್ಯಾರಬೀಜ ಹಸೇದಿತ್ತು. ಮ್ಯಾಲೆ ಸುಣ್ಣ ಹಚ್ಚಾದು ಮರ್ತಿದ್ದೆ."

ಯಾರ ಬಟ್ಟೆ ಯಾರದೆಂದು ತಿಳಿಯಲು ಅಗಸರು ಕೊರಳಪಟ್ಟಿಯ ಒಳಗೆ ಕೇರುಬೀಜದ ಕಪ್ಪು ರಸದಿಂದ ಗುರುತು ಹಾಕುವುದು ತಮಗೆ ಗೊತ್ತಿದೆ. ಮೇಲೆ ಸುಣ್ಣ ಹಚ್ಚದಿದ್ದರೆ ಹಸಿ ರಸ ತಾಗಿ ಮೈ ಸುಟ್ಟಂತೆ ಗುಳ್ಳೆ ಏಳುತ್ತದೆ. ನಮ್ಮ ಮನೆಯ ಗುರುತು ಮೂರು ಚುಕ್ಕಿ, ಒಂದು ಗೆರೆ. ಪಂಪಮ್ಮನ ಕತ್ತಿನ ಹಿಂದೆ ಎದ್ದಿರುವುದೂ ಮೂರು ಚುಕ್ಕಿ, ಒಂದು ಗೆರೆ. ಉಳಿದ ಗುಳ್ಳೆಗಳು ಕೆರೆದ ಕೈ ಹೋದಲ್ಲೆಲ್ಲ ಎದ್ದವು. ದೇವಿ ಅಗಸನ ಗುರುತು ಹಾಕಿಸಿಕೊಂಡು ಬಂದದ್ದನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ? ಕೊಬ್ಬರಿ ಎಣ್ಣೆ ಹಚ್ಚಿದೆವು. ಇವತ್ತು ಉರಿ ಅರ್ಧ ಇಳಿದಿದೆ. ಹುಡುಗಿಗೆ ಮಾತ್ರ ಸಂತೋಷವಿಲ್ಲ. "ಇನ್ನೆರಡು ದಿನ ಅಮ್ಮ ಇರ್ಲಿ ಬಿಡತ್ತಿ" ಎನ್ನುತ್ತಿದ್ದಾಳೆ.

ಭರಮಣ್ಣ ಹೋಗುವಾಗ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ನಮ್ಮ ಬಟ್ಟೆಗೆ ಗುರುತು ಹಾಕಿದ ದಿನವೇ, ಅದೇ ಬೀಜದಿಂದ, ಸುಣ್ಣವಿಲ್ಲದೆ ಅವನು ಗುರುತು ಹಾಕಿದ ಇನ್ನೊಂದು ಮನೆಯ ಬಟ್ಟೆ ತಮ್ಮದು. ಗುರುವಾರ ನೀವು ನಮ್ಮ ಬೀದಿಯಲ್ಲಿ ನಿಂತ ಅಷ್ಟು ಹೊತ್ತಿನಲ್ಲಿ ನಾಲ್ಕು ಸಲ ಕೊರಳಪಟ್ಟಿಯೊಳಗೆ ಬೆರಳು ಹಾಕಿದ್ದನ್ನು ಬಾಗಿಲ ಸಂದಿನಿಂದ ನಾನೇ ಎಣಿಸಿದ್ದೇನೆ. ನಿಮ್ಮ ಕಾನೂನಿನಂತೆ ಸೋಮವಾರದ ಬಂಡಿಯಲ್ಲಿ ಇಬ್ಬರಿಗೆ ಜಾಗ ಬೇಕಲ್ಲವೇ?

ನನ್ನ ಬೇಡಿಕೆ ದೊಡ್ಡದಲ್ಲ. ಬಂಡಿ ಬರುವ ಮೊದಲು ತಾವು ಬನ್ನಿ, ಇಳಿಯಿರಿ, ಮಗುವನ್ನು ಒಂದು ಗೇಣು ದೂರದಿಂದ ನೋಡಿ. ಆಮೇಲೆ ಚೀಟಿ ಹರಿಯಿರಿ. ಇನ್ನು ಮುಂದೆ ಯಾವ ಮನೆಯ ಮಗುವಿಗೂ ಬೀದಿಯಿಂದ ರೋಗದ ಹೆಸರಿಡಬೇಡಿ.

ಈ ಪತ್ರವನ್ನು ನಿಮ್ಮ ಚೀಟಿಯ ಕೆಳಗೇ ಅಂಟಿಸಿದ್ದೇನೆ. ಇದ್ದದ್ದು ಒಂದೇ ಹಾಳೆಯಾದ್ದರಿಂದ ಅಕ್ಷರ ಸಣ್ಣದಾಗಿದೆ, ಹದಿನೈದು ಹೆಜ್ಜೆಯಿಂದ ಕಾಣುವುದಿಲ್ಲ. ಹತ್ತಿರ ಬಂದು ಬಗ್ಗಿಯೇ ಓದಬೇಕು. ನೀವು ಬಗ್ಗಿದಾಗ ಕತ್ತಿನ ಹಿಂಭಾಗ ಬೀದಿಯವರಿಗೆಲ್ಲ ಕಾಣುತ್ತದೆ. ನಾಚಿಕೆಪಡಬೇಡಿ, ಕೊಬ್ಬರಿ ಎಣ್ಣೆಯ ಬಟ್ಟಲನ್ನು ಕಿಟಕಿಯಲ್ಲಿ ಇಟ್ಟಿದ್ದೇನೆ.

ಇಂತಿ,
ತಾವು ಓದಿ ಮುಗಿಸುವವರೆಗೂ ಬಾಗಿಲ ಹಿಂದೆಯೇ ನಿಂತಿರುವ, ಕರೆದರೂ ಹೊರಗೆ ಬಾರದ,
ತಾಯಕ್ಕ