ಆರನೇ ನಂಬರಿನ ವಿಮಾನ

ಫೆಬ್ರವರಿ 4, ಮಂಗಳವಾರ

ಇವರು ಇವತ್ತೂ ಬ್ರೇಕ್ ಒತ್ತಿದರು, ಇವತ್ತೂ ಹಿಂದಕ್ಕೆ ಹೋಗಿ ಬೀರುವಿಗೆ ಗುದ್ದಿದರು. ಆಫೀಸಿನ ಚಕ್ರದ ಕುರ್ಚಿಯಲ್ಲಿ ಕೂತು ನೆಲದ ಮೇಲಿನ ಪೆಡಲ್ ತುಳಿದರೆ ವಿಮಾನ ನಿಲ್ಲುವುದಿಲ್ಲ, ಮನುಷ್ಯ ಹಿಂದೆ ಸರಿಯುತ್ತಾನೆ. ಜೀವಮಾನವಿಡೀ ಡ್ರೈವಿಂಗ್ ಸ್ಕೂಲ್ ನಡೆಸಿದ ಗಂಡಸಿಗೆ ಇದು ಹೊಳೆಯಲಿಲ್ಲ. "ಪೆಡಲ್ ಸರಿ ಇಲ್ಲ" ಎಂದರು. ಯಾವಾಗಲೂ ಪೆಡಲ್ಲೇ ಸರಿ ಇರುವುದಿಲ್ಲ.

ಊಟದ ಕೋಣೆ ಈಗ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಕಾಕ್‌ಪಿಟ್. ಮೂರು ಮಾನಿಟರ್, ಒಂದು ಅರ್ಧ ಸ್ಟೀರಿಂಗ್, ಹಾವಿನ ಗೂಡಿನಂತೆ ವೈರು. ನಾವು ಉಣ್ಣುವುದು ಅಡುಗೆ ಕಟ್ಟೆಗೆ ಒರಗಿ, ನಿಂತು. ಊಟಕ್ಕೆ ಮೇಜಿಲ್ಲ, ಆಟಕ್ಕೆ ಲಜ್ಜೆಯಿಲ್ಲ.

ತಪ್ಪು ವ್ಯಾಯಾಮ ಮಾಡಿಸುವ ಹುಡುಗಿಯದು. ಸ್ಟ್ರೋಕ್ ಆಗಿ ಎಡಗೈ ಹಿಡಿತ ಹೋಯಿತು, ಡಾಕ್ಟರು ಕಾರಿನ ಹತ್ತಿರ ಸುಳಿಯಬೇಡಿ ಎಂದರು, ಸ್ಕೂಲು ಮುಚ್ಚಿತು. ಅವಳು ಕೈಗೊಂದು ಕೆಲಸ ಕೊಡಿ, ರಬ್ಬರ್ ಚೆಂಡು ಹಿಸುಕಿ ಎಂದಳು. ಇವರು ಬಾಂಬರ್ ತಂದರು.

ಫೆಬ್ರವರಿ 9, ಭಾನುವಾರ

ಸ್ಕೂಲಿನ ಹಳೇ ಕಾರನ್ನು ಗುಜರಿಗೆ ಹಾಕಿದ್ದೆವಲ್ಲ, ಅದರ ಮುಂದಿನ ಎರಡು ಸೀಟು ಕಳಚಿ ಮನೆಗೆ ಬಂದವು. ಒಂದೇ ಹಲಗೆಗೆ ಎರಡನ್ನೂ ಬಿಗಿದಿದ್ದು ನಾನು. ಸ್ಪ್ಯಾನರ್ ತಿರುಗಿಸುವಷ್ಟೂ ಹೊತ್ತು ಇವರ ಉಪದೇಶ. ಈಗ ಬ್ರೇಕ್ ಒತ್ತಿದರೆ ಬೀರು ಕ್ಷೇಮ.

ಇವರು ಇಂಟರ್ನೆಟ್ಟಿನಲ್ಲಿ ಸೇರಿಕೊಂಡ ಗುಂಪಿನ ಕಥೆ ಇವತ್ತು ಪೂರ್ತಿ ತಿಳಿಯಿತು. ಮಹಾಯುದ್ಧದಲ್ಲಿ ಒಂಬತ್ತು ಬಾಂಬರುಗಳು ಜೊತೆಯಾಗಿ ಸಮುದ್ರ ದಾಟಿ ಹೋಗಿದ್ದವಂತೆ. ಅದೇ ದಿನ, ಏಪ್ರಿಲ್ ಹನ್ನೆರಡಕ್ಕೆ, ಒಂಬತ್ತು ಗಂಡಸರು ತಂತಮ್ಮ ಮನೆಗಳಲ್ಲಿ ಕೂತು ಅದೇ ದಾರಿಯಲ್ಲಿ ಹಾರುತ್ತಾರೆ. ಗುಂಪಿನ ಮುಖ್ಯಸ್ಥನಿಗೆ ಎಲ್ಲರೂ ಮೇಜರ್ ಎನ್ನುತ್ತಾರೆ. ಟೈಲ್ಸ್ ಅಂಗಡಿ. ಬಚ್ಚಲ ಟೈಲ್ಸಿನಲ್ಲಿ ಮೇಜರ್ ಇರಬೇಕು.

ಚೀಟಿ ಎತ್ತಿದರಂತೆ. ಇವರಿಗೆ ನಾಲ್ಕನೇ ವಿಮಾನ. ಮಗಳು ಹುಟ್ಟಿದಾಗಲೂ ಇಷ್ಟು ಫೋನ್ ಮಾಡಿರಲಿಲ್ಲ.

ಫೆಬ್ರವರಿ 17, ಸೋಮವಾರ

ಪ್ರೆಸ್ಸಿನಿಂದ ಕರಡು ಮನೆಗೆ ತಂದಿದ್ದೆ. ಕೂರಲು ಬೇರೆ ಜಾಗವಿಲ್ಲದೆ ಆ ಎರಡನೇ ಸೀಟಿನಲ್ಲಿ ಕೂತು ತಿದ್ದುತ್ತಿದ್ದೆ. ಹಾಸಿಗೆ ಅಂಗಡಿಯ ಕರಪತ್ರ. "ಒರಗಿದರೆ ಸಾಕು, ಕೊರಗನೆಲ್ಲ ಆಚೆ ನೂಕು." ನನ್ನದೇ ಪ್ರಾಸ. ಪರವಾಗಿಲ್ಲ.

"ಲೇ, ಆ ನಾಲ್ಕು ಲಿವರ್ ಮುಂದಕ್ಕೆ ತಳ್ಳು."

"ನಿಮ್ಮ ಕೈಗೆ ಏನಾಗಿದೆ?" ಎಂದೆ. ಎಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಬಲಗೈ ಸ್ಟೀರಿಂಗ್ ಬಿಟ್ಟರೆ ವಿಮಾನ ವಾಲುತ್ತದೆ. ಎಡಗೈ ಅದನ್ನು ಹಿಡಿಯುವುದಿಲ್ಲ. ಎಂಜಿನ್ನಿನ ವೇಗ ಏರಿಳಿಸುವ ಆ ಲಿವರುಗಳಿಗೆ, ಥ್ರಾಟಲ್‌ಗೆ, ಮೂರನೇ ಕೈ ಬೇಕು. ತಳ್ಳಿದೆ.

"ಮೆಲ್ಲಗೆ! ಎಮ್ಮೆ ಎಬ್ಬಿಸ್ತಿದ್ದೀಯಾ?"

ಮದುವೆಯಾದ ಹೊಸದರಲ್ಲಿ ಇವರು ನನಗೆ ಕಾರು ಕಲಿಸಲು ಹೊರಟಿದ್ದರು. ಎರಡನೇ ದಿನ ಸಿಗ್ನಲ್ಲಿನಲ್ಲಿ ಬಾಗಿಲು ತೆಗೆದು ಇಳಿದು ನಡೆದುಕೊಂಡು ಮನೆಗೆ ಬಂದೆ. ಈ ವಿಮಾನದಿಂದ ಇಳಿದರೆ ಅಡುಗೆಮನೆ. ಅದಕ್ಕೇ ಕೂತೆ.

ಫೆಬ್ರವರಿ 26, ಬುಧವಾರ

ಮೇಜರ್ ಹವಾಮಾನ ಕಳಿಸಿದ್ದಾನೆ. ಆ ದಿನ ಎಷ್ಟು ಮೋಡ, ಯಾವ ಕಡೆ ಗಾಳಿ, ಎಲ್ಲರೂ ಅದನ್ನೇ ಸೆಟ್ ಮಾಡಬೇಕಂತೆ. ಇಲ್ಲವಾದರೆ ಒಬ್ಬನಿಗೆ ಬಿಸಿಲು, ಪಕ್ಕದವನಿಗೆ ಮಳೆ. ಅಜ್ಜನ ಕಾಲದ ಮೋಡವನ್ನು ಊಟದ ಕೋಣೆಗೆ ತುಂಬಿದ್ದು ನಾನು. ಇವರಿಗೆ ಮೌಸ್ ಹಿಡಿದರೆ ಕೋಪ ಬರುತ್ತದೆ.

ಏರುವುದು ಬಂತು. ಗುಂಪಿನಲ್ಲಿ ನೇರ ಹಾರುವುದೂ ಬಂತು. ಇಳಿಯುವುದು ಮಾತ್ರ ಇಲ್ಲ. ಪ್ರತಿ ಸಲ ರನ್‌ವೇ ಪಕ್ಕದ ಹೊಲಕ್ಕೆ. "ನೀನು ಪವರ್ ತಡ ಕಡಿಮೆ ಮಾಡ್ತೀಯ." "ನೀವು ತಡವಾಗಿ ಹೇಳ್ತೀರ." ಇಬ್ಬರ ಮಾತೂ ನಿಜ, ವಿಮಾನ ಚೂರು.

ಗುಂಪಿನಲ್ಲಿ ಯಾರಿಗೂ ಕೈಯ ವಿಷಯ ಹೇಳಿಲ್ಲ. "ಹೇಳಿದ್ರೆ ಪಾಪ ಅಂತಾರೆ. ಪಾಪ ಅಂದವರ ಜೊತೆ ಹಾರೋದು ಹೇಗೆ?" ಒಂದು ವಿಮಾನಕ್ಕೆ ಒಬ್ಬನೇ ಎಂದು ನಿಯಮ ಬೇರೆ. ಹಾಗಾಗಿ ಮೈಕ್ ಆನ್ ಇದ್ದಾಗ ನಾನು ಮೂಕಿ. ಸನ್ನೆಯ ಸಂಸಾರ.

ಮಾರ್ಚ್ 8, ಶನಿವಾರ

ಇವತ್ತು ಎಲ್ಲರ ರಿಹರ್ಸಲ್. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತರು. ಯಾರಿಗೆ ಕಾಣುತ್ತದೆ? ಕೇಳಲಿಲ್ಲ.

ಅರ್ಧ ದಾರಿ ಚೆನ್ನಾಗಿತ್ತು. ತಿರುವಿನಲ್ಲಿ ಇವರು ಕಣ್ಣಲ್ಲಿ ಏನೋ ಸನ್ನೆ ಮಾಡಿದರು. ಹುಬ್ಬು ಹಾರಿಸಿದರೆ ಜಾಸ್ತಿ ಎಂದು ಮಾತಾಗಿತ್ತು, ಇದು ಹುಬ್ಬೋ ಸೀನು ಬರುವ ಲಕ್ಷಣವೋ ತಿಳಿಯಲಿಲ್ಲ. ಮೈಕ್ ಆಫ್ ಇದೆ ಎಂದುಕೊಂಡು ಬಾಯಿ ಬಿಟ್ಟೆ.

"ಜಾಸ್ತಿನೋ ಕಡಿಮೆನೋ ಬಾಯಲ್ಲಿ ಬೊಗಳಿ! ಆ ಟೈಲ್ಸ್ ಮೇಜರ್‌ಗೆ ಹೆದರಿ ಮುಖ ಕಿವುಚ್ತಾ ಕೂತರೆ ನನಗೇನು ಗೊತ್ತಾಗುತ್ತೆ?"

ಆಫ್ ಇರಲಿಲ್ಲ.

ಹೆಡ್‌ಸೆಟ್ಟಿನಲ್ಲಿ ಎಂಟೂ ಗಂಡಸರಿಗೆ ಕೇಳಿಸಿತು. ಆಮೇಲೆ ಒಬ್ಬ ಕಿಸಕ್ಕೆಂದ. ಅವನು ಗುಂಪಿನಲ್ಲಿ ದೊಡ್ಡ ಮನೆಯ ಮಗನಂತೆ ಮೆರೆಯುವ ಹಲ್ಲಿನ ಡಾಕ್ಟರ್. ಇವರು ಸ್ವಿಚ್ ಆರಿಸಿ ಎದ್ದು ಹೋಗಿ ಮಲಗಿದರು. ಅಂಗಿ ಬಿಚ್ಚಲಿಲ್ಲ.

ಮಾರ್ಚ್ 9, ಭಾನುವಾರ

ಮೇಜರ್ ಫೋನ್. ಇವರು ತೆಗೆಯಲಿಲ್ಲ, ನಾನು ತೆಗೆದೆ. ಎಲ್ಲ ಹೇಳಿಬಿಟ್ಟೆ, ಸ್ಟ್ರೋಕು, ಕೈ, ನಾಲ್ಕು ಲಿವರು.

"ಅಕ್ಕಾ, ನಮ್ಮ ರೂಲ್ಸ್ ಪ್ರಕಾರ ಒಂದು ವಿಮಾನಕ್ಕೆ ಒಬ್ಬರೇ. ಇತಿಹಾಸಕ್ಕೆ ಮರ್ಯಾದೆ ಅಂತ ಒಂದಿದೆ."

"ನಿಮ್ಮ ಇತಿಹಾಸದಲ್ಲಿ ಒಂದೊಂದು ವಿಮಾನದಲ್ಲಿ ಏಳೇಳು ಜನ ಇದ್ದರಂತೆ. ನಾವಿನ್ನೂ ಇಬ್ಬರೇ."

ಗಂಟಲು ಸರಿ ಮಾಡಿಕೊಂಡ. ಒಂದು ದಾರಿ ಇದೆ ಎಂದ. ಆರನೇ ವಿಮಾನ ಹಲ್ಲಿನ ಡಾಕ್ಟರಿಗೆ ಬಂದಿದೆ, ಅವರಿಗೆ ಮನಸ್ಸಿಲ್ಲ, ಅದಲು ಬದಲು ಮಾಡಿಕೊಂಡರೆ ನೀವಿಬ್ಬರೂ ಕೂರಬಹುದು.

ಮನಸ್ಸು ಯಾಕಿಲ್ಲ? ಯುದ್ಧದಲ್ಲಿ ಆರನೇದು ಹಿಂದಿರುಗಲಿಲ್ಲ. ಬರುವ ದಾರಿಯಲ್ಲಿ ಸಮುದ್ರಕ್ಕೆ ಬಿತ್ತು. ಗುಂಪಿನ ಪದ್ಧತಿ ಏನೆಂದರೆ, ಆ ಹೊತ್ತಿಗೆ ಸರಿಯಾಗಿ ಕ್ಯಾಪ್ಟನ್ ತಾನೇ ಎಂಜಿನ್ನಿನ ಲಿವರ್ ಹಿಂದಕ್ಕೆಳೆದು ಸಮುದ್ರಕ್ಕೆ ಬೀಳಬೇಕು. ಮಿಕ್ಕವರು ಇಳಿಯುವ ತನಕ ಕತ್ತಲಾದ ಪರದೆಯ ಮುಂದೆ ಬಾಯಿ ಮುಚ್ಚಿ ಕೂರಬೇಕು. ಅದು ಗೌರವ. ಆಮೇಲೆ ಗುಂಪಿನಲ್ಲಿ ಎರಡು ಕೈ ಮುಗಿದ ಚಿತ್ರ ಹಾಕುತ್ತಾರೆ, ಅದರ ಹಿಂದೆಯೇ ಒಂದು ಜೋಕು.

"ಹೇಗೂ ನಿಮಗೆ ಅನುಕೂಲವೇ ಅಕ್ಕಾ. ಲ್ಯಾಂಡಿಂಗ್ ತಾಪತ್ರಯ ಇರಲ್ಲ."

ಟೈಲ್ಸ್ ಮಾರುವವನ ನಾಲಿಗೆ, ಎಷ್ಟು ನುಣುಪು.

ಮಾರ್ಚ್ 30, ಭಾನುವಾರ

ಮೂರು ವಾರ ಮಾನಿಟರಿನ ಮೇಲೆ ಬೆಡ್‌ಶೀಟ್. ವ್ಯಾಯಾಮದ ಹುಡುಗಿಯನ್ನೂ ಬರಬೇಡ ಎಂದಿದ್ದಾರೆ. ಕೈ ಕಿಟಕಿಯ ಕಟ್ಟೆ ಮೇಲೆ ಯಾರೋ ಮರೆತುಹೋದ ಗ್ಲೌಸಿನಂತೆ ಇಟ್ಟುಕೊಂಡು ಕೂರುತ್ತಾರೆ. ಮನೆ ಶಾಂತವಾಗಿದೆ. ಇದನ್ನೇ ಅಲ್ಲವೇ ಬೇಡುತ್ತಿದ್ದುದು. ಬೈಯುವವರಿಲ್ಲ, ಬೈಸಿಕೊಳ್ಳುವವಳಿಗೆ ಕೈ ಕಟ್ಟಿದಂತಿದೆ.

ಇವತ್ತು ಬೆಡ್‌ಶೀಟ್ ಒಗೆಯಲು ಬೇಕು ಎಂದು ಎಳೆದೆ. ಒಗೆದದ್ದೇ ಇತ್ತು.

ನೋಡಿದರು. ಎದ್ದು ಬಂದು ಸೀಟಿನಲ್ಲಿ ಕೂತು, "ಬೀಳೋದಾದ್ರೂ ಹಾರಿ ಬೀಳೋಣ. ಬಾ, ಕೂತ್ಕೋ."

ಏಪ್ರಿಲ್ 6, ಭಾನುವಾರ

ಆರನೇ ವಿಮಾನಕ್ಕೆ ಒಪ್ಪಿದೆವು, ದಿನಾ ಸಂಜೆ ಹಾರಾಟ. ಕೂಗಾಟವೂ ಮರಳಿ ಬಂತು. ನಿನ್ನೆ ಹೊಲದ ಬದಲು ರನ್‌ವೇಯ ತುದಿಗೆ ತಾಗಿ ಮುಗುಚಿದೆವು. ಪ್ರಗತಿ.

ಬೀಳುವುದನ್ನು ಒಂದು ಸಲ ಪ್ರಾಕ್ಟೀಸ್ ಮಾಡೋಣ ಎಂದೆ. "ಸ್ಟ್ರೋಕ್ ಆದ ದಿನ ಬಚ್ಚಲಲ್ಲಿ ಬಿದ್ದು ಅರ್ಧ ದಿನ ಒಬ್ಬನೇ ಮಲಗಿದ್ದೆ. ಅದನ್ನ ನನಗೆ ಯಾರೂ ಕಲಿಸಬೇಕಾಗಿಲ್ಲ." ಆ ದಿನ ನಾನು ಪ್ರೆಸ್ಸಿನಲ್ಲಿದ್ದೆ.

ಏಪ್ರಿಲ್ 12, ಶನಿವಾರ. ಬೆಳಿಗ್ಗೆ 9

ಎಲ್ಲ ಸರಿ ಇದೆ. ಮೋಡ, ಗಾಳಿ, ಇಂಧನ. ಮತ್ತೆ ಅದೇ ಅಂಗಿ. ಮೇಜರ್ ಭಾಷಣ ಮಾಡುತ್ತಿದ್ದಾನೆ. "ವೀರರು", "ತ್ಯಾಗ". ಹಿಂದೆ ಅವನ ಮನೆಯ ಮಿಕ್ಸಿ ಸದ್ದು.

ಮಧ್ಯಾಹ್ನ 1

ಸೀಟಿನಲ್ಲೇ ಬರೆಯುತ್ತಿದ್ದೇನೆ. ಆದದ್ದು ಇಷ್ಟು.

ಹೋದೆವು, ಬಂದರಿನ ಮೇಲೆ ಸುತ್ತಿದೆವು, ತಿರುಗಿದೆವು. ಕೆಳಗೆ ನೀರು, ಸೀಸದ ಬಣ್ಣ. ಹೆಡ್‌ಸೆಟ್ಟಿನಲ್ಲಿ ಮೇಜರ್: "ಆರು, ನಿಮ್ಮ ಹೊತ್ತಾಯ್ತು."

ಇವರು ನನ್ನ ಕಡೆ ತಿರುಗಲಿಲ್ಲ. "ಎಳಿ."

ನಾಲ್ಕೂ ಲಿವರ್ ನನ್ನ ಕೈಯಲ್ಲಿ. ಎಳೆಯಲಿಲ್ಲ.

"ಕಿವಿ ಕೇಳಿಸಲ್ವಾ?"

"ಕೇಳುತ್ತೆ."

"ಮತ್ತೆ?"

"ಬೀಳೋದು ನನಗೆ ಬರಲ್ಲ ರೀ. ನೀವು ಕಲಿಸಿಲ್ಲ."

ಮುಖ ಕೆಂಪಾಯಿತು. ಬೈಗುಳಕ್ಕೆ ಸಿದ್ಧಳಾದೆ. ಇವರ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು, ಎಷ್ಟೋ ತಿಂಗಳ ಮೇಲೆ. ಮೈಕ್ ಆನ್ ಇತ್ತು. ಇರಲಿ.

"ಆರು! ಇತಿಹಾಸ ಹಾಳ್ ಮಾಡ್ತಿದ್ದೀರಿ! ಆರು!"

"ಮೇಜರ್ರೇ, ಇಂಧನ ಇದೆ. ನಾವು ಮನೆಗೆ ಹೋಗ್ತೀವಿ" ಎಂದರು ಇವರು.

ನಮ್ಮನ್ನು ಗುಂಪಿನಿಂದ ತೆಗೆದರು. ಪರದೆಯಿಂದ ಎಂಟೂ ವಿಮಾನಗಳು ಮಾಯ. ಆಕಾಶ ತೊಳೆದಿಟ್ಟ ತಟ್ಟೆ.

1.40

ಇನ್ನೂ ಹಾರುತ್ತಿದ್ದೇವೆ. ನೋಡುವವರಿಲ್ಲ, ನಗುವವರಿಲ್ಲ, ಹೊಲಕ್ಕೆ ನುಗ್ಗಿದರೂ ಯಾರಿಗೂ ತಿಳಿಯದು. ಆದರೂ ಇವರ ಹಣೆಯಲ್ಲಿ ಬೆವರು. ಎಡಗೈಯನ್ನು ಬಲಗೈಯಿಂದ ಎತ್ತಿ ಸ್ಟೀರಿಂಗ್ ಮೇಲೆ ಇಟ್ಟುಕೊಂಡರು. ಅದು ಜಾರಿತು. ಮತ್ತೆ ಇಟ್ಟರು.

"ಇವತ್ತು ಇಳಿಸ್ತೀನಿ" ಎಂದರು, ನನಗಲ್ಲ.

ನಾಲ್ಕಾರು ಗಂಡಸರ ನಾಟಕಕ್ಕೆ ಇಷ್ಟು ನಡುಕವೇ ಎಂದು ಬರೆಯಬೇಕೆಂದಿದ್ದೆ. ನನ್ನ ಅಕ್ಷರವೂ ಸೊಟ್ಟಗಿದೆ.

ತೀರ ಬಂತು. ಚಕ್ರ ಇಳಿಸಿದೆ. ಪವರ್ ಕಡಿಮೆ, ಹೇಳುವ ಮುಂಚೆಯೇ. ಬೈಯಲಿಲ್ಲ. ರನ್‌ವೇ ಕಾಣುತ್ತಿದೆ, ಹಲ್ಲುಕಡ್ಡಿಯಷ್ಟು. ಸ್ವಲ್ಪ ಎಡಕ್ಕಿದ್ದೇವೆ, ನನಗೇ ಗೊತ್ತಾಗುತ್ತಿದೆ. ಹೇಳಲೇ? ಹೇಳಿದರೆ ಕೂಗುತ್ತಾರೆ, ಹೇಳದಿದ್ದರೆ... ಆಯ್ತು ರೀ, ಕೇಳಿಸ್ತು, ಪೆನ್ನು ಇಡ್ತಾ