ಅವಳ ಮುಖ, ನನ್ನ ಮೈ

ಹೊರ್ತಿ
೧೬ ಫೆಬ್ರುವರಿ ೨೦೨೫, ರವಿವಾರ

ಭಾಗ್ಯಾಳ ಗೆಳತಿ, ನನಗೂ ಮಗಳಂಥವಳೇ ಆದ ಕೋಮಲಾ, ನಿನಗೆ ಸಾವಿತ್ರವ್ವನ ಆಶೀರ್ವಾದ.

ಈಗ ಸಂಜೆ ಆರು ಗಂಟೆ. ಇವತ್ತು ದಿನವೆಲ್ಲ ನಮ್ಮ ಹೊಲದ ಬದುವಿನಲ್ಲಿ ಕುಣಿ ತೋಡಿದರು. ಮೇಲೆ ಕರಿಮಣ್ಣು, ಕೆಳಗೆ ಗರಸು ಹತ್ತಿತು. ತೋಡುವವರಿಗೆ ಬುತ್ತಿ ಕೊಟ್ಟು ಬಂದು ನಿನ್ನ ಕಾಗದವನ್ನು ಮತ್ತೊಮ್ಮೆ ಓದಿದೆ.

ನೀನು ಪುಣೆಯಿಂದ ಕಳಿಸಿದ ಪೆಟ್ಟಿಗೆಯನ್ನು ಲಾರಿಯವರು ಝಳಕಿಯಲ್ಲಿ ಇಳಿಸಿ ಹೋಗಿದ್ದರು. ಅಲ್ಲಿಂದ ಟಂಟಂನಲ್ಲಿ ಮನೆಗೆ ಬಂತು. ನಮ್ಮ ಯಜಮಾನರು ಅಂಗಳದಲ್ಲೇ ಹಲಗೆ ಕಿತ್ತರು. ಹುಲ್ಲಿನ ನಡುವೆ ಭಾಗ್ಯಾ ಕೂತಿದ್ದಳು. ಬಿಳಿ ಪ್ಲಾಸ್ಟರಿನಲ್ಲಿ, ಕಣ್ಣು ಮುಚ್ಚಿ, ಚಕ್ಕಳಮಕ್ಕಳ ಹಾಕಿ, ಎಡ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟು. ಮೈಮೇಲೆ ಬಟ್ಟೆ ಇರಲಿಲ್ಲ. ನಾನು ಒಳಗೆ ಓಡಿಹೋಗಿ ಸೀರೆ ತಂದು ಹೊದಿಸಿದೆ.

ಇವರು ನೋಡಿದ್ದು ಆ ಅಂಗೈಯನ್ನು. ನಿನಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಹೀಗೆಯೇ ಕೂಡಿಸಿ, ಎಡಗೈಯಲ್ಲಿ ಅವರ ಇಷ್ಟಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಕೊಡುತ್ತೇವೆ. ಕೊರೊನಾ ರೋಗದ ವರ್ಷ ಪುಣೆಯಲ್ಲಿ ಅವಳನ್ನು ಸುಟ್ಟರು. ನಮಗೆ ಫೋನ್ ಬಂದದ್ದು ಮರುದಿನ. ಅಂದಿನಿಂದ ಇವರು ಊರಲ್ಲಿ ಯಾರ ಮಣ್ಣಿಗೂ ಹೋಗಿಲ್ಲ. ಅವಳ ಲಿಂಗ ಇನ್ನೂ ದೇವರ ಜಗಲಿಯ ಮೇಲೆ ಇದೆ. “ಕುಂತಾಳ ನೋಡ, ತಾನ ಬಂದ ಕುಂತಾಳ,” ಎಂದು ಹೇಳಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈ ಮೂರ್ತಿಗೇ ಮಣ್ಣು ಕೊಡುತ್ತೇವೆ ಎಂದರೆ ಊರ ಸ್ವಾಮಿಗಳು ಒಪ್ಪಲಿಲ್ಲ. “ಗೊಂಬಿಗೆ ಹೆಂಗ ಕ್ರಿಯಾ ಮಾಡೂದ್ರಿ ಶ್ರೀಶೈಲಪ್ಪ? ನಾಳಿ ಮಂದಿ ಫೋಟೋನೂ ಹೂಳ್ರಿ ಅಂತಾರ,” ಎಂದರು. ಇವರು ಮನಗೂಳಿಗೆ ಹೋಗಿ ಬೇರೆ ಸ್ವಾಮಿಗಳನ್ನು ಒಪ್ಪಿಸಿ ಬಂದರು.

ಮಾರ್ಚಿನಲ್ಲಿ ಅವಳು ಮಾಡಿದ ಮೂರ್ತಿಗಳ ಪ್ರದರ್ಶನವಿದೆ, ಕಣ್ತುಂಬ ನೋಡಿ ವಾಪಸು ಕಳಿಸಿ ಎಂದು ಬರೆದಿದ್ದೀ. ಭಾಗ್ಯಾ ತನ್ನ ಮೈಯದೇ ಅಚ್ಚು ತೆಗೆದು ಅದಕ್ಕೆ ‘ನಾನು’ ಎಂದು ಹೆಸರಿಟ್ಟಳು ಎಂದೂ ಬರೆದಿದ್ದೀ. ಅವಳು ನಿನಗೂ ಹೇಳಿಲ್ಲ ಎಂದಾಯಿತು. ಮುಖ ಮಾತ್ರ ಅವಳದು, ಕೋಮಲಾ. ಕುತ್ತಿಗೆಯಿಂದ ಕೆಳಗೆ ನಾನು.

ಕೊನೆಯ ದೀಪಾವಳಿಗೆ ಬಂದಾಗ ಹಿಂದಿನ ಕೋಣೆಯ ಅಗಳಿ ಹಾಕಿ, ಅವ್ವಗ ಎಣ್ಣಿ ಹಚ್ಚಾಕತ್ತೇನಿ ಎಂದು ಹೊರಗಿನವರಿಗೆ ಕೂಗಿ ಹೇಳಿದಳು. ಎಣ್ಣೆ ಹಚ್ಚಿದ್ದೂ ನಿಜವೇ. ಆಮೇಲೆ ಪ್ಲಾಸ್ಟರಿನ ಒದ್ದೆ ಪಟ್ಟಿಗಳನ್ನು ಒಂದೊಂದಾಗಿ ಮೈಗೆ ಸುತ್ತಿದಳು. ನನಗೆ ನಾಚಿಕೆಯಿಂದ ಸಾಕಾಗಿತ್ತು. “ಉಸರ ಹಿಡೀಬ್ಯಾಡವ್ವಾ, ಹೊಟ್ಟಿ ಸಣ್ಣ ಆಕ್ಕೈತಿ. ಇದ್ದಂಗ ಇರ್ಲಿ,” ಎಂದು ಬೈದಳು. ಈ ಜೋತುಬಿದ್ದ ಹೊಟ್ಟೆಯನ್ನು ಯಾರು ನೋಡುತ್ತಾರೆ ಎಂದೆ. ಅವಳು ಹೊಟ್ಟೆಯ ಮೇಲಿನ ಹೊಲಿಗೆಯ ಗುರುತಿನ ಮೇಲೆ ಬೆರಳಿಟ್ಟು, “ಇದಕ್ಯಾಕ ನಾಚ್ತಿ? ಇದು ನಾ ಬಂದ ಬಾಗಲಾ,” ಎಂದು ನಕ್ಕಳು. ಅಷ್ಟು ಹೊತ್ತು ನನ್ನ ಮೈಯನ್ನು ಯಾರೂ ಹಾಗೆ ಪ್ರೀತಿಯಿಂದ ಮುಟ್ಟಿರಲಿಲ್ಲ.

ನಿನ್ನೆ ಓಣಿಯ ಹೆಂಗಸರು ಅವಳಿಗೆ ನೀರು ಹಾಕಲು ಬಂದರು. ಶೇವಂತೆವ್ವನ ಕೈ ಹೊಟ್ಟೆಯ ಮೇಲೆ ನಿಂತಿತು. ಹೊಲಿಗೆ, ಸುತ್ತ ಬಸಿರಿನ ಬರೆಗಳು, ಎಲ್ಲ ಅಚ್ಚಿನಲ್ಲಿ ಹಾಗೆಯೇ ಮೂಡಿವೆ. “ಸಾವಿತ್ರವ್ವ, ಇದು ಹಡದ ಹೊಟ್ಟಿ ಐತಲ್ಲ,” ಎಂದಳು. ಅದು ನನ್ನದು, ನನ್ನ ಮೈಯಿಂದ ತೆಗೆದದ್ದು ಎಂದು ಎಲ್ಲರೆದುರು ಹೇಳಿದೆ. ಶೇವಂತೆವ್ವ ಪಕ್ಕದವಳಿಗೆ, “ತಾಯಿ ಕರಳ, ಅಂತಾಳ ಪಾಪ,” ಎಂದಳು. ಸಂಜೆಯೊಳಗೆ ಹಿಟ್ಟಿನ ಗಿರಣಿಯವರೆಗೆ ಸುದ್ದಿ ಮುಟ್ಟಿತ್ತು. ಶ್ರೀಶೈಲಪ್ಪನ ಮಗಳು ಪುಣೆಯಲ್ಲಿ ಹಡೆದಿದ್ದಳಂತೆ.

ಇವತ್ತು ಬೆಳಿಗ್ಗೆ ಇವರ ಮುಂದೆ ಕೂತು ದೀಪಾವಳಿಯ ಸಂಗತಿ ಎಲ್ಲ ಹೇಳಿದೆ. ನಂಬದಿದ್ದರೆ ನೋಡಿರಿ ಎಂದು ಸೆರಗು ಸರಿಸಿದೆ. ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ಆ ಗುರುತು ಅವರಿಗೆ ಗೊತ್ತಿಲ್ಲದ್ದಲ್ಲ.

“ನಿಂದಾದ್ರ, ನಾಳಿ ನಾ ಯಾರಿಗೆ ಮಣ್ಣ ಕೊಡ್ಲಿ?” ಎಂದರು.

ನಾನು ಮಂದಿಯ ಮಾತು ನೆನಪಿಸಿದೆ. ಅವಳ ಹೆಸರು ಕೆಡುತ್ತದೆ, ಸತ್ತವಳು ಬಂದು ಇಲ್ಲ ಎನ್ನಲಾರಳು ಎಂದೆ.

“ಹಡದಿರ್ಲಿ,” ಎಂದರು. “ಹಡದ್ರ ಹಡದಿರ್ಲಿ. ಆಕಿನ ಇರ್ಲಿ.”

ಸೆರಗು ಹೊದ್ದುಕೊಂಡು ಬುತ್ತಿಗೆ ರೊಟ್ಟಿ ಬಡಿಯಲು ಹೋದೆ. ಇನ್ನು ನಾನು ಬಾಯಿ ಬಿಡುವುದಿಲ್ಲ. ಅವಳು ಮಾಡಿದ್ದು ಏನು ಎಂಬುದು ನಿನಗೊಬ್ಬಳಿಗಾದರೂ ಸರಿಯಾಗಿ ಗೊತ್ತಿರಲಿ ಎಂದು ಇಷ್ಟು ಬರೆದೆ. ಪ್ರದರ್ಶನದಲ್ಲಿ ಆ ಜಾಗ ಖಾಲಿ ಬಿಡಬೇಕಾಗುತ್ತದೆ. ಕ್ಷಮಿಸು.

ನಿನ್ನ,
ಸಾವಿತ್ರವ್ವ

ಮರೆತ ಮಾತು: ಮಧ್ಯಾಹ್ನ ಇವರು ಪೆಟ್ಟಿಗೆಯ ಮೇಲಿದ್ದ ನಿನ್ನ ವಿಳಾಸವನ್ನು ಹರಿದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಯಾಕೆ ಎಂದು ಕೇಳಿದರೆ, “ಕೂಸ ಎಲ್ಲಿ ಐತಿ ಕೇಳಬೇಕ,” ಎಂದರು. ಈಗ ಹೊಸ ಧೋತರ ತೆಗೆದಿಟ್ಟಿದ್ದಾರೆ. ಅಂಚೆಯ ಕಾಗದ ಅವರಿಗಿಂತ ತಡವಾಗಿ ಮುಟ್ಟುತ್ತದೆ, ಅದಕ್ಕೇ ಈ ಹಾಳೆಗಳ ಫೋಟೋ ತೆಗೆದು ಕಳಿಸುತ್ತಿದ್ದೇನೆ. ಬಾಗಿಲಲ್ಲೇ ಕೂಸು ಇಲ್ಲ ಎನ್ನಬೇಡ. ಒಳಗೆ ಕರೆದು ಚಹಾ ಕೊಡು. ಆಮೇಲೆ ಹೇಳು. ನಾಳೆ ಎಂಟಕ್ಕೆ ಮಣ್ಣು, ಹನ್ನೊಂದಕ್ಕೆ ಅವರು ಸೋಲಾಪುರದ ಬಸ್ಸು ಹತ್ತುತ್ತಾರೆ.