ಹುಬ್ಬಳ್ಳಿಯಲ್ಲಿ ಬಿಚ್ಚಿದ ಉಡಿ

ಕಾರಟಗಿ
ಭಾನುವಾರ, ೨೪ ನವೆಂಬರ್ ೨೦೨೪

ಸೌಭಾಗ್ಯವತಿ ಭವಾನಿಗೆ ಅವ್ವನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಅದಕ್ಕೆ ಕೈ ಬರಲಿಲ್ಲ. ಕೂಸು ಕಳಕೊಂಡು ದವಾಖಾನೆಯಿಂದ ಮನೆಗೆ ಬಂದಾಗಿನಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಐದನೇ ತಿಂಗಳ ಕುಬುಸದ ಶಾಸ್ತ್ರ ಮುಗಿಸಿ, ಸೆರಗಿನಲ್ಲಿ ಉಡಿ ತುಂಬಿಸಿಕೊಂಡು ನೀನು ಹೊರಟಾಗ ಅಳಿಯಂದಿರು ರೈಲಿಗೇ ಹೋಗೋಣ ಎಂದಿದ್ದರು. ಹಟ ಹಿಡಿದವಳು ನಾನು. ಹುಬ್ಬಳ್ಳಿಯಿಂದ ದೆಹಲಿ ಒಂದೂವರೆ ಸಾವಿರ ಕಿಲೋಮೀಟರಂತೆ, ವಿಮಾನಕ್ಕೆ ಮೂರು ತಾಸೂ ಬೇಡವಂತೆ ಎಂದು ನಿನ್ನ ತಮ್ಮ ಗವಿಸಿದ್ದೇಶ ಫೋನಿನಲ್ಲಿ ನೋಡಿ ಹೇಳಿದ. ನಮ್ಮೂರಿಂದ ಹುಬ್ಬಳ್ಳಿ ಮುಟ್ಟುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು! ಬಸುರಿ ಹೆಂಗಸು ಎರಡು ದಿನ ರೈಲಿನಲ್ಲಿ ಯಾಕೆ ಕುಲುಕಾಡಬೇಕು ಎಂದುಕೊಂಡೆ.

ತುಂಬಿದ ಉಡಿ ಗಂಡನ ಮನೆ ಮುಟ್ಟುವ ತನಕ ಬಿಚ್ಚಬಾರದು ಎಂದು ಹೇಳಿಯೇ ಕಳಿಸಿದ್ದೆ. ಎಣ್ಣೆಗೆ ಬೆಂಕಿ ಹಿಡಿದೀತೆಂದು ವಿಮಾನದಲ್ಲಿ ಒಣಕೊಬ್ಬರಿ ಬಿಡುವುದಿಲ್ಲ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಅವತ್ತು ಫೋನಿನಲ್ಲಿ "ಉಡಿ ಕಟ್ಟಿದಂಗ ಐತಿಲ್ಲ?" ಎಂದು ಕೇಳಿದೆ. "ಹೂನವ್ವಾ, ಹಂಗ ಐತಿ" ಎಂದೆ ನೀನು. ಮೊನ್ನೆ ಅಳಿಯಂದಿರು ಎಲ್ಲ ಹೇಳಿದರು. ಹುಬ್ಬಳ್ಳಿ ವಿಮಾನ ನಿಲ್ದಾಣದ ತಪಾಸಣೆಯವರು ಗಂಟು ಬಿಚ್ಚಿಸಿ ಐದೂ ಬಟ್ಟಲು ಕೊಬ್ಬರಿ ತೆಗೆದಿಟ್ಟರಂತೆ. ಉಳಿದ ಅಕ್ಕಿ, ಉತ್ತತ್ತಿ, ಅರಿಶಿಣ ಬೇರನ್ನು ನೀನು ಅಲ್ಲೇ ನಿಂತು ಅಳುತ್ತ ಮತ್ತೆ ಕಟ್ಟಿಕೊಂಡೆಯಂತೆ. ವಿಮಾನದಿಂದ ಏನೂ ಆದದ್ದಲ್ಲ ಎಂದು ಡಾಕ್ಟರರು ಹೇಳಿದರೂ, ಉಡಿ ಬಿಚ್ಚಿದ್ದಕ್ಕೇ ಕೂಸು ಹೋಯಿತೆಂದು ಗೋಡೆಗೆ ಮುಖ ಮಾಡಿ ಮಲಗುತ್ತೀಯಂತೆ.

ಓಣಿಯ ಸುಂಕಲಮ್ಮನಿಗೂ ಸುದ್ದಿ ಮುಟ್ಟಿದೆ. ಮನೆತನಕ ಬಂದು, "ಉಡಿ ಬಿಚ್ಚಿದ್ರ ಬಸುರು ನಿಲ್ಲಂಗಿಲ್ಲ ಪಂಪವ್ವಾ" ಎಂದಳು. ಹಿರಿಯಳೆಂದು ನಾನು ಎಂದೂ ಅವಳಿಗೆ ಎದುರಾಡಿದವಳಲ್ಲ. ಅವತ್ತು ಚಹಾ ಕೂಡ ಕೊಡದೆ ಕಳಿಸಿದೆ. ವಿಮಾನ ಹತ್ತಿಸಿದವಳು ನಾನು. ಬೈಯುವುದಿದ್ದರೆ ನನ್ನನ್ನು ಬೈ. ಹೀಗೆ ಬಾಯಿ ಕಟ್ಟಿಕೊಂಡು ಮಾತ್ರ ಕೂರಬೇಡ, ನನ್ನವ್ವ.

ಡಿಸೆಂಬರ್ ಐದಕ್ಕೆ ನಾನೇ ಬರುತ್ತೇನೆ. ಗವಿಸಿದ್ದೇಶ ಟಿಕೆಟ್ ತೆಗೆಸಿದ್ದಾನೆ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತೇನೆ, ಕೊಬ್ಬರಿ ಮಾತ್ರ ಇಲ್ಲ. ಅಷ್ಟೆತ್ತರಕ್ಕೆ ಹೋಗುವುದು ನೆನೆದರೆ ಅಂಜಿಕೆ ಆಗುತ್ತದೆ. ಆದರೆ ಮೂರು ತಾಸು ಕಣ್ಣು ಮುಚ್ಚಿ ಕುಳಿತರೆ ನಿನ್ನ ಊರು ಬರುತ್ತದಲ್ಲ. ಬಾಗಿಲು ನೀನೇ ತೆಗೆಯಬೇಕು.

ನಿನ್ನೂರಿನ ಹಾದಿ ಹಿಡಿಯಲಿರುವ
ಅವ್ವ, ಪಂಪಾವತಿ

ತಾ.ಕ.: ಇದನ್ನು ನಿನಗೆ ಎಂದೂ ಹೇಳಿರಲಿಲ್ಲ. ನಿನಗಿಂತ ಮೊದಲು ನನಗೊಂದು ಬಸುರು ನಿಂತಿತ್ತು. ನಿನ್ನದರಂತೆಯೇ ಕುಬುಸ ಆದ ಮೇಲೆ ಹೋಯಿತು. ನನ್ನ ತವರೂರಾದ ಮರಳಿಯಿಂದ ಈ ಮನೆ ಎಷ್ಟು ಹತ್ತಿರ ಎಂಬುದು ನಿನಗೇ ಗೊತ್ತು. ಹಾದಿಯಲ್ಲಿ ಯಾರೂ ಗಂಟು ಮುಟ್ಟಿರಲಿಲ್ಲ. ನನ್ನ ಉಡಿಯಲ್ಲಿ ಐದೂ ಬಟ್ಟಲು ಕೊಬ್ಬರಿ ಇದ್ದವು.